ಇಪ್ಪತ್ಮೂರು ಸಾಲಿನ ಪಟ್ಟಿ

ಸೀಲಣ್ಣನ ಸಿಟ್ಟಿಗೆ ಆ ಬೀದಿಯಲ್ಲಿ ಗಡಿಯಾರದಷ್ಟು ಮರ್ಯಾದೆ ಇತ್ತು. ಬೆಳಿಗ್ಗೆ ಅವನ ರಬ್ಬರ್ ಸ್ಟಾಂಪಿನ ಅಂಗಡಿಯಿಂದ ಮೊದಲ ಕೂಗು ಕೇಳಿದ ಮೇಲೇ ಪಕ್ಕದ ಬೀಗ ರಿಪೇರಿಯವನು ತನ್ನ ಷಟರ್ ಎತ್ತುತ್ತಿದ್ದ. ಕೂಗು ಯಾವಾಗಲೂ ಒಂದೇ.

"ಲೇ, ಬಾ ಇಲ್ಲಿ."

ಕರೆಯುತ್ತಿದ್ದದ್ದು ಹೆಂಡತಿಯನ್ನು. ಅವಳಿರುತ್ತಿದ್ದದ್ದು ಎಂಟಡಿ ದೂರದ ಹಿಂದಿನ ಕೋಣೆಯಲ್ಲಿ, ನಡುವೆ ಒಂದು ಪರದೆ. ಪಿಸುಗುಟ್ಟಿದರೂ ಕೇಳಿಸುವಷ್ಟು ಹತ್ತಿರ. ಆದರೂ ಅವನು ಹೊಳೆಯ ಆಚೆ ದಡದಲ್ಲಿರುವವರನ್ನು ಕರೆಯುವ ಹಾಗೆ ಕರೆಯುತ್ತಿದ್ದ. ಇಪ್ಪತ್ತೆರಡು ವರ್ಷ ಹಾಗೆಯೇ ಕರೆದ, ಇಪ್ಪತ್ತೆರಡು ವರ್ಷ ಅವಳು ಸೆರಗಿಗೆ ಕೈ ಒರೆಸಿಕೊಂಡು ಹಾಗೆಯೇ ಬಂದಳು. ಮನೆಯಲ್ಲಿ ಇಬ್ಬರೇ, ಅಂಗಡಿಯಲ್ಲೂ ಇಬ್ಬರೇ.

ಕೆಲಸ ಹೀಗೆ ಹಂಚಿಹೋಗಿತ್ತು. ಗಿರಾಕಿ ಹೇಳಿದ ಅಕ್ಷರವನ್ನು ಅವನು ಕಂಪ್ಯೂಟರಿನಲ್ಲಿ ಹೊಡೆಯಬೇಕು. ಅವಳು ಬಂದು ಅದನ್ನು ಉಲ್ಟಾ ಮಾಡಿ, ಪಾರದರ್ಶಕ ಹಾಳೆಯ ಮೇಲೆ ಫಿಲಂ ತೆಗೆದು, ಫಿಲಮ್ಮಿನ ಮೇಲಿನ ಬಲಮೂಲೆಯನ್ನು ಕತ್ತರಿಯಿಂದ ಒಂದಿಷ್ಟು ಕತ್ತರಿಸಿ ಅವನ ಕೈಗಿಡಬೇಕು. ಕತ್ತರಿಸಿದ ಮೂಲೆ ಬಲಗೈ ಕಡೆಗೆ ಬರುವ ಹಾಗೆ ಅವನು ಅದನ್ನು ಬೆಳಕಿನ ಪೆಟ್ಟಿಗೆಯ ಗಾಜಿನ ಮೇಲೆ ಇಡಬೇಕು. ಆ ಮೂಲೆ ಅವರಿಬ್ಬರ ನಡುವಿನ ಗುರುತು. ಅದಿದ್ದರೆ ಫಿಲಂ ಮಗುಚಿ ಬೀಳುವ ಭಯವಿಲ್ಲ. ಅದರ ಮೇಲೆ ಜೇನಿನಂಥ ದ್ರವ ಸುರಿದು ಬೆಳಕು ಕೊಟ್ಟರೆ ಅಕ್ಷರಗಳಷ್ಟೇ ಗಟ್ಟಿಯಾಗಿ ನಿಲ್ಲುತ್ತವೆ. ಮಿಕ್ಕಿದ್ದನ್ನು ಬಿಸಿ ಸೋಪುನೀರಿನಲ್ಲಿ ತೊಳೆಯುವುದು, ಮರದ ಹಿಡಿಗೆ ಅಂಟಿಸುವುದು, ಹಿಂದಿನ ಕೋಣೆಯ ಪಾಲು, ಅಂದರೆ ಅವಳ ಪಾಲು.

ಅವನ ಬೆರಳಿಗೆ ಸದಾ ಅಂಟು. ಆ ಬೆರಳಲ್ಲಿ ಹಿಡಿದರೆ ಮೌಸ್ ಕೂಡ ಅಂಟುತ್ತಿತ್ತು. ಬಾಣ ಎಡಕ್ಕೆ ಹೋಗು ಎಂದರೆ ಬಲಕ್ಕೆ ಹೋಗುತ್ತಿತ್ತು. ಅವನು ಎತ್ತಿ ಮೇಜಿಗೆ ಕುಟ್ಟುತ್ತಿದ್ದ. ಆ ವರ್ಷ ಎರಡು ಮೌಸ್ ಕುಟ್ಟಿಸಿಕೊಂಡೇ ಸತ್ತಿದ್ದವು.

"ಸೀಲಣ್ಣ, ನಿನ್ನ ಅಂಗಡೀಲಿ ಇಲಿಗೂ ಆಯಸ್ಸಿಲ್ಲವಲ್ಲೋ," ಎನ್ನುತ್ತಿದ್ದ ಬೀಗದವನು.

ಮೂರನೆಯದನ್ನು ಅವನು ಗೋಡೆಗೆ ಎಸೆದ. ಅದು ಕೋರ್ಟಿನ ಗುಮಾಸ್ತ ತನ್ನ ಸ್ಟಾಂಪ್ ಒಯ್ಯಲು ಬಂದ ದಿನ. ಗುಮಾಸ್ತ ಇಂಕಿಗೆ ಒತ್ತಿ ಕಾಗದದ ಮೇಲಿಟ್ಟ. ಅಕ್ಷರವೆಲ್ಲ ಕನ್ನಡಿಯಲ್ಲಿ ನೋಡಿದ ಹಾಗೆ ಮೂಡಿತು. ಅಂಗಡಿಯಲ್ಲಿ ಇನ್ನೂ ನಾಲ್ಕು ಜನ ಇದ್ದರು, ನಾಲ್ವರೂ ನಕ್ಕರು. ಸೀಲಣ್ಣನಿಗೆ ಸಿಟ್ಟು ನೆತ್ತಿಗೇರಿತು.

"ಲೇ, ಬಾ ಇಲ್ಲಿ. ಉಲ್ಟಾ ಮಾಡೋದನ್ನೇ ಮರೆತಿದೀಯಲ್ಲ. ಇಷ್ಟು ವರ್ಷ ಆಯ್ತು, ತಲೇಲಿ ಏನಿಟ್ಕೊಂಡಿದೀಯ, ಹೊಟ್ಟಾ?"

"ಮಾಡಿದ್ದೆ ರೀ," ಎಂದಳು ಅವಳು.

"ಎದುರುತ್ತರ ಬೇರೆ."

ಮೌಸ್ ಅವಳ ಕಿವಿಯ ಪಕ್ಕದಲ್ಲಿ ಹಾದು ಗೋಡೆಗೆ ಬಡಿದು ಚೂರಾಯಿತು. ನಾಲ್ವರ ನಗು ನಿಂತಿತು. ಅವಳು ಪೊರಕೆ ತಂದು ಚೂರುಗಳನ್ನು ಗುಡಿಸಿದಳು. ಗುಡಿಸುವಾಗ ಯಾರ ಮುಖವನ್ನೂ ನೋಡಲಿಲ್ಲ.

ಸಂಜೆ ಬೆಳಕಿನ ಪೆಟ್ಟಿಗೆ ಒರೆಸಲು ಸೀಲಣ್ಣ ಮೇಲಿನ ಗಾಜೆತ್ತಿದಾಗ ಗುಮಾಸ್ತನ ಫಿಲಂ ಇನ್ನೂ ಅಲ್ಲೇ ಇತ್ತು. ಕತ್ತರಿಸಿದ ಮೂಲೆ ಎಡಗಡೆಗಿತ್ತು. ಅವಳು ಸರಿಯಾಗಿಯೇ ಕೊಟ್ಟಿದ್ದಳು, ಇವನು ಮಗುಚಿ ಇಟ್ಟಿದ್ದ. ಪರದೆಯ ಆಚೆ ಅವಳು ತಟ್ಟೆ ತೊಳೆಯುತ್ತಿದ್ದ ಸದ್ದು ಕೇಳುತ್ತಿತ್ತು. ಫಿಲಮ್ಮನ್ನು ಮುದುರಿ ಕಸದ ಬುಟ್ಟಿಗೆ ಹಾಕಿ, "ಬೀಗ ಹಾಕೋ ಹೊತ್ತಾಯ್ತು, ಏಳು," ಎಂದ. ಅಷ್ಟೇ ಅಂದದ್ದು. ತಪ್ಪು ತನ್ನದೆಂದು ಹೇಳಿದ್ದರೆ ಬಾಯೇನೂ ಸವೆಯುತ್ತಿರಲಿಲ್ಲ. ಆದರೆ ಒಮ್ಮೆ ಸೋತರೆ ಇನ್ನು ದಿನಾ ಸೋಲಬೇಕಾಗುತ್ತದೆ ಎಂದು ನಂಬಿದವನು ಅವನು.

ನಾಲ್ಕು ದಿನದ ಮೇಲೆ ಅವಳೇ ಒಂದು ಮಾತು ತೆಗೆದಳು. "ಹೊಸ ಮೌಸ್ ತರೋದು ಬೇಡ ರೀ. ಮೌಸ್ ಇಲ್ಲದೇನೇ ನಡೆಯೋ ಹಾಗೆ ಮಾಡ್ತೀನಿ."

ಅವರ ಕಂಪ್ಯೂಟರು ತಾಂತ್ರಿಕ ಶಾಲೆಯ ಮೇಷ್ಟ್ರು ಬಿಸಾಡುವ ಬದಲು ಕೊಟ್ಟದ್ದು. ಹಳೆಯ ಯಂತ್ರ, ಭಾರ ಎಳೆಯದು ಎಂದು ಅವರೇ ಅದಕ್ಕೆ ಯೂನಿಕ್ಸ್ ವಂಶದ ಹಗುರವಾದ ಆಪರೇಟಿಂಗ್ ಸಿಸ್ಟಮ್ ಒಂದನ್ನು ಹಾಕಿಕೊಟ್ಟಿದ್ದರು. ಅದರಲ್ಲಿ ಒಂದು ಪುಟ್ಟ ಮೆನು ಉಂಟು, ಬರಿಯ ಕೀಲಿಮಣೆಯಿಂದ ನಡೆಯುವಂಥದ್ದು. ಒಂದು ಕೀ ಒತ್ತಿದರೆ ಕಂಪ್ಯೂಟರಿನ ಪರದೆಯ ಮೇಲೊಂದು ಪಟ್ಟಿ ಇಳಿಯುತ್ತದೆ. ಬೇಕಾದದ್ದರ ಮೊದಲ ಅಕ್ಷರ ಹೊಡೆದರೆ ಮಿಕ್ಕವು ಸರಿದು ಅದೊಂದೇ ಉಳಿಯುತ್ತದೆ. ಎಂಟರ್ ಒತ್ತಿದರೆ ಕೆಲಸ ಆಯಿತು. ಪಟ್ಟಿಯಲ್ಲಿ ಏನಿರಬೇಕು ಎನ್ನುವುದನ್ನು ಒಂದು ಸಾದಾ ಫೈಲಿನಲ್ಲಿ ಬರೆದಿಡಬೇಕು. ಸಾಲಿಗೊಂದು ಹೆಸರು, ಆಮೇಲೆ ಎರಡು ಚುಕ್ಕೆ, ಆಮೇಲೆ ಕಂಪ್ಯೂಟರಿಗೆ ಕೊಡುವ ಆಜ್ಞೆ.

ಅವಳು ಒಂದು ನೋಟ್‌ಬುಕ್ ಕೊಂಡಳು. ವಾರಕ್ಕೊಮ್ಮೆ ಮೇಷ್ಟ್ರ ಬಳಿ ಹೋಗಿ ಕೇಳಿ ಬರೆದುಕೊಂಡು ಬಂದಳು. ಮಧ್ಯಾಹ್ನ ಅವನು ಊಟ ಮಾಡಿ ಕುರ್ಚಿಯಲ್ಲೇ ತೂಕಡಿಸುವ ಮುಕ್ಕಾಲು ಗಂಟೆ ಅವಳು ಕೀಲಿಮಣೆಯ ಮುಂದೆ ಕೂತಿರುತ್ತಿದ್ದಳು. ಎದ್ದ ಮೇಲೆ ಒಂದೊಂದು ಪ್ರಶ್ನೆ.

"ರೀ, ವೃತ್ತಾಕಾರದ ಸ್ಟಾಂಪನ್ನ ನೀವು ಏನಂತೀರಿ?"

"ಗುಂಡು ಅಂತೀನಿ. ಇನ್ನೇನನ್ಲಿ."

"ಆಫೀಸಿನ ಉದ್ದದ್ದು?"

"ಪಟ್ಟೆ."

"ಪ್ರಿಂಟರ್ ಸಿಕ್ಕಿಹಾಕ್ಕೊಂಡಾಗ?"

"ದರಿದ್ರ ಪ್ರಿಂಟರ್ ಅಂತೀನಿ. ಏನ್ ಕೇಳ್ತಿದೀಯೇ, ನನ್ನ ಜಾತಕ ಬರೀತಿದೀಯಾ?"

ಅವಳು ಹಾಗೆಯೇ ಬರೆದಳು. ಪಟ್ಟಿಯ ಮೂರನೆಯ ಸಾಲು, ದರಿದ್ರ ಪ್ರಿಂಟರ್. ಎಂಟರ್ ಒತ್ತಿದರೆ ತಡೆದು ನಿಂತ ಕೆಲಸಗಳೆಲ್ಲ ಅಳಿದು ಪ್ರಿಂಟರ್ ಮತ್ತೆ ಉಸಿರಾಡುತ್ತಿತ್ತು. ಮೊದಲ ಸಲ ಅದನ್ನು ಒತ್ತಿದ ದಿನ ಸೀಲಣ್ಣ ಹೊಟ್ಟೆ ಹಿಡಿದು ನಕ್ಕ. ಬೀಗದವನನ್ನು ಕರೆದು ತೋರಿಸಿದ. ಬೀಗದವನು ನಕ್ಕು, "ಬೈದ್ರೆ ಕೆಲಸ ಮಾಡೋ ಕಂಪ್ಯೂಟರ್ ಇದೊಂದೇ ಕಣಯ್ಯ. ನಿನ್ನ ಹೆಂಡ್ತಿ ಜಾಣೆ, ನಿನಗೆ ಸರಿಹೋಗೋ ಹಾಗೇ ಕಟ್ಟಿದಾಳೆ," ಎಂದ.

ಜಾಣೆಯೇ ಹೌದು. ಅವನ ಕಣ್ಣಿಗೆ ಸಣ್ಣಕ್ಷರ ಕಾಣದೆಂದು ಅಕ್ಷರ ದಪ್ಪ ಮಾಡಿದಳು. ಕನ್ನಡಕದ ಮೇಲಂಚಿನಿಂದ ನೋಡುವ ಅಭ್ಯಾಸ ಅವನದು ಎಂದು ಪಟ್ಟಿಯನ್ನು ಪರದೆಯ ತುದಿಯಿಂದ ನಡುವಿಗೆ ಇಳಿಸಿದಳು. ಅವಸರದಲ್ಲಿ ಅವನು ಮೊದಲ ಅಕ್ಷರ ನುಂಗುತ್ತಾನೆಂದು, ಹೆಸರಿನ ಯಾವ ಭಾಗ ಹೊಡೆದರೂ ಸಿಗುವ ಹಾಗೆ ಮಾಡಿದಳು. ಹೆಚ್ಚು ಬೇಕಾಗುವ ಉಲ್ಟಾ ಮೊದಲ ಸಾಲಿಗೆ ಬಂತು. ಹಳೇ ಗಿರಾಕಿ, ಫಿಲಂ ತೆಗಿ, ನಿನ್ನೆದು ಎಲ್ಲಿ, ಅಕ್ಷರ ದಪ್ಪ, ಇದನ್ನ ಅಳಿಸು. ತಿಂಗಳಿಗೆ ನಾಲ್ಕು ಸಾಲು, ಐದು ಸಾಲು. ಒಂದೊಂದು ಸಾಲು ಸೇರಿದಾಗಲೂ ಅವನ ಒಂದೊಂದು ಕೂಗು ಕಡಿಮೆಯಾಯಿತು.

"ಬಣ್ಣದ ಸ್ಟಾಂಪಿಂದು ಇನ್ನೂ ಪಟ್ಟಿಗೆ ಹಾಕಿಲ್ಲವಲ್ಲೇ," ಎಂದು ಅವನೇ ಜ್ಞಾಪಿಸುತ್ತಿದ್ದ. "ಬೇಗ ಹಾಕು. ಅದಕ್ಕೊಂದಕ್ಕೆ ನಿನ್ನ ಕರೀಬೇಕಾಗಿದೆ."

"ಹಾಕ್ತೀನಿ."

ಆರನೆಯ ತಿಂಗಳು ಪಟ್ಟಿ ಇಪ್ಪತ್ಮೂರು ಸಾಲಿಗೆ ನಿಂತಿತು. ಕೊನೆಯ ಸಾಲು, ಪಟ್ಟಿ ತಿದ್ದು. ಹೊಸದೇನಾದರೂ ಬೇಕಾದರೆ ಅವನೇ ಸೇರಿಸಿಕೊಳ್ಳಬಹುದು ಎಂದು ಎರಡು ಸಲ ತೋರಿಸಿಕೊಟ್ಟಳು. ಅದೇ ವಾರ, ಕೇಳಿದರೂ ಕೇಳದಿದ್ದರೂ, ತೊಳೆಯುವ ನೀರು ಎಷ್ಟು ಬಿಸಿಯಿರಬೇಕು, ಹಿಡಿಗೆ ಅಂಟು ಹಚ್ಚಿ ಎಷ್ಟು ಹೊತ್ತು ಒತ್ತಿ ಹಿಡಿಯಬೇಕು ಎಂಬುದನ್ನೂ ಹೇಳಿದಳು. ಅವನು ಹೂಂಗುಟ್ಟಿದ.

ಶನಿವಾರ ಸಂಜೆ ಷಟರ್ ಎಳೆಯುವ ಮುಂಚೆ ಕೇಳಿದಳು. "ಈ ವಾರ ನನ್ನ ಎಷ್ಟು ಸಲ ಕರೆದ್ರಿ?"

ಸೀಲಣ್ಣ ಯೋಚಿಸಿದ. ಹೆಮ್ಮೆಯಿಂದ ಮೀಸೆ ಸವರಿದ. "ಒಂದ್ಸಲಾನೂ ಇಲ್ಲ. ಇನ್ನು ನೀನಿಲ್ಲದೇ ಇದ್ರೂ ನಡೆಯುತ್ತೆ ನನಗೆ."

"ಹಾಗಾದ್ರೆ ಆಯ್ತು," ಎಂದಳು.

ಸೋಮವಾರ ಬೆಳಿಗ್ಗೆ ಒಂದು ಕೈಚೀಲ ಹಿಡಿದು, ಬಸ್ಸಿನಲ್ಲಿ ಒಂದು ಗಂಟೆ ದೂರದಲ್ಲಿದ್ದ ತನ್ನ ಅಕ್ಕನ ಮನೆಗೆ ಹೊರಟಳು. ಅಕ್ಕ ಶಾಲೆಯ ಮಕ್ಕಳ ಸಮವಸ್ತ್ರ ಹೊಲಿಯುವವಳು, ಗಂಡ ಸತ್ತವಳು. ನಾಲ್ಕು ದಿನ ಇದ್ದು ಬರುತ್ತಾಳೆ ಎಂದುಕೊಂಡ ಸೀಲಣ್ಣ. ಐದನೆಯ ದಿನ ಮನೆಯ ಬೀರು ತೆರೆದು ನೋಡಿದ. ಅವಳ ಕಡೆಯ ಅರೆಗಳು ಖಾಲಿ. ಒಂದು ಚೀಲದಲ್ಲಿ ಅಷ್ಟೆಲ್ಲ ಹಿಡಿಸುವಂತಿಲ್ಲ. ಬಟ್ಟೆಬರೆ ಆರು ತಿಂಗಳಿಂದ ಸ್ವಲ್ಪಸ್ವಲ್ಪವಾಗಿ ಹೋಗಿರಬೇಕು. ಅವನು ನೋಡಿರಲಿಲ್ಲ.

ಸಿಟ್ಟು ಮೊದಲು ತಿರುಗಿದ್ದು ಮೇಷ್ಟ್ರ ಮೇಲೆ. ಶಾಲೆಯ ಕಾರಿಡಾರಿನಲ್ಲೇ ನಿಂತು, "ನನ್ನ ಹೆಂಡ್ತಿಗೆ ಏನ್ರೀ ಹೇಳಿಕೊಟ್ಟಿದ್ದು ನೀವು?" ಎಂದು ಗುಡುಗಿದ.

ಮೇಷ್ಟ್ರು ಗಾಬರಿಯಾಗಿ ಚಾಕ್‌ಪೀಸು ಕೆಳಗಿಟ್ಟರು. "ಮೆನು ಹೇಗೆ ಬರೆಯೋದು ಅಂತ ಕೇಳೋರು, ಹೇಳಿದೆ. ಬೇರೇನೂ ಕೇಳ್ತಿರಲಿಲ್ಲ. ಏನೂ ಗೊತ್ತಿಲ್ಲದೋರು ಒಬ್ರೇ ಕೂತು ನಡೆಸೋ ಹಾಗಿರಬೇಕು ಸಾರ್, ನಾನಿಲ್ಲದಿದ್ರೂ ನಿಲ್ಲಬಾರದು, ಅಂತಿದ್ರು." ಸ್ವಲ್ಪ ತಡೆದು, ದನಿ ತಗ್ಗಿಸಿ, "ನಿಜ ಹೇಳ್ಬೇಕಂದ್ರೆ ಅವರಿಗೇನೋ ದೊಡ್ಡ ಕಾಯಿಲೆ ಇರಬೇಕು ಅನ್ಕೊಂಡಿದ್ದೆ ನಾನು. ಚೆನ್ನಾಗಿದಾರಲ್ಲ?"

ಸೀಲಣ್ಣ ಬಂದ ದಾರಿಯಲ್ಲೇ ಹಿಂದಕ್ಕೆ ನಡೆದ.

ಅಂಗಡಿ ನಿಲ್ಲಲಿಲ್ಲ. ಅದೇ ಅವನಿಗೆ ದೊಡ್ಡ ಏಟು. ನಿಂತಿದ್ದರೆ, ಕೆಲಸ ಕೆಟ್ಟಿದ್ದರೆ, ಗಿರಾಕಿಗಳು ಬೈದಿದ್ದರೆ, ಬಾ ಎನ್ನಲು ಒಂದು ನೆಪವಿರುತ್ತಿತ್ತು. ಕೀ ಒತ್ತಿದರೆ ಪಟ್ಟಿ ಇಳಿಯುತ್ತಿತ್ತು. ಉ ಎಂದರೆ ಉಲ್ಟಾ, ಗು ಎಂದರೆ ಗುಂಡು. ಮೂಲೆಯನ್ನು ಅವನೇ ಕತ್ತರಿಸಿಕೊಂಡ, ಅವನೇ ತೊಳೆದ, ಅವನೇ ಅಂಟಿಸಿದ. ಬೀಗದವನು ಬಂದು ಇಣುಕಿದ. "ಏನಯ್ಯಾ, ಗುಡುಗೇ ಇಲ್ಲ ಈಚೆಗೆ. ನಾನು ಷಟರ್ ಎತ್ತೋದೇ ತಡ ಆಗ್ತಿದೆ." ಸೀಲಣ್ಣ ತಲೆಯೆತ್ತಲಿಲ್ಲ. ಮುಖ ನೋಡಿ ಬೀಗದವನು ಮುಂದಿನ ಹಾಸ್ಯವನ್ನು ನುಂಗಿಕೊಂಡು ಹೋದ.

ಹದಿನೆಂಟನೆಯ ದಿನ ಮಧ್ಯಾಹ್ನ, ಗಿರಾಕಿ ಇಲ್ಲದ ಹೊತ್ತಿನಲ್ಲಿ, ಅವನು ಸುಮ್ಮನೆ ಪಟ್ಟಿಯನ್ನು ಇಳಿಸಿ ಮೇಲಿಂದ ಕೆಳಗೆ ಓದಿದ. ಉಲ್ಟಾ. ಗುಂಡು. ದರಿದ್ರ ಪ್ರಿಂಟರ್. ನಿನ್ನೆದು ಎಲ್ಲಿ. ಇದನ್ನ ಅಳಿಸು. ಓದುತ್ತ ಓದುತ್ತ ಅವನಿಗೆ ತನ್ನ ದನಿಯೇ ಕೇಳಿಸತೊಡಗಿತು. ಅಷ್ಟೂ ಅವನು ಹಿಂದಿನ ಕೋಣೆಗೆ ಕೂಗಿದ ಮಾತುಗಳು. ಒಂದಕ್ಷರ ಬಿಡದೆ ಬರೆದಿಟ್ಟಿದ್ದಳು. ಸೀಸದ ಅಚ್ಚಿನಿಂದ ಹಿಡಿದು ಯಾವ ಅಕ್ಷರವನ್ನಾದರೂ ಉಲ್ಟಾ ಓದಬಲ್ಲೆನೆಂದು ಜಂಬ ಕೊಚ್ಚುತ್ತಿದ್ದವನು ತನ್ನ ಎದುರಿಗೆ ನೆಟ್ಟಗೆ ಬರೆದದ್ದನ್ನು ಈಗ ಓದಿದ.

ಒಂದು ಕೂಗು ಮಾತ್ರ ಆ ಪಟ್ಟಿಯಲ್ಲಿ ಇರಲಿಲ್ಲ.

ಸೀಲಣ್ಣ ಪಟ್ಟಿ ತಿದ್ದು ಎಂಬುದನ್ನು ಒತ್ತಿದ. ಫೈಲು ತೆರೆಯಿತು. ಇಪ್ಪತ್ಮೂರು ಸಾಲಿನ ಕೆಳಗೆ, ದಪ್ಪ ಬೆರಳಿನಿಂದ ಒಂದೊಂದೇ ಅಕ್ಷರ ಹುಡುಕಿ, "ಲೇ ಬಾ ಇಲ್ಲಿ" ಎಂದು ಹೊಡೆದ. ಎರಡು ಚುಕ್ಕೆ ಇಟ್ಟ. ಚುಕ್ಕೆಯ ಆಚೆಗೆ ಏನು ಬರೆಯಬೇಕೆಂದು ಗೊತ್ತಾಗಲಿಲ್ಲ. ಹಾಗೆಯೇ ಉಳಿಸಿದ.

ಅಷ್ಟರಲ್ಲಿ ಗಿರಾಕಿ ಬಂದಳು. ಪಶುವೈದ್ಯೆ, ಆಸ್ಪತ್ರೆಗೆ ಗುಂಡು ಸ್ಟಾಂಪ್ ಬೇಕು, ಒಂದು ಗಂಟೆಯಲ್ಲಿ ಬೇಕು. ಸೀಲಣ್ಣ ಕೀ ಒತ್ತಿದ. ಪಟ್ಟಿ ಇಳಿಯಲಿಲ್ಲ. ಮತ್ತೆ ಒತ್ತಿದ. ಪರದೆ ಸುಮ್ಮನೆ ಕಪ್ಪಗೆ ನೋಡುತ್ತಿತ್ತು. ಬೇರೆ ದಿನವಾಗಿದ್ದರೆ ಕೀಲಿಮಣೆ ಗೋಡೆ ಸೇರುತ್ತಿತ್ತು. ಇವತ್ತು ಅವನ ಎದೆ ಹಗುರವಾಯಿತು. ಕೆಟ್ಟಿತು. ಕೊನೆಗೂ ಕೆಟ್ಟಿತು.

"ಐದು ನಿಮಿಷ ಕೂತ್ಕೊಳ್ಳಿ ಡಾಕ್ಟ್ರೇ," ಎಂದು ಫೋನ್ ತೆಗೆದುಕೊಂಡು ಹಿಂದಿನ ಕೋಣೆಯ ಪರದೆಯ ಬದಿಗೆ ಬಂದ.

ಎತ್ತಿದವಳು ಅಕ್ಕ. ಹಿಂದೆ ಹೊಲಿಗೆ ಯಂತ್ರದ ಸದ್ದು. "ಏನು ಭಾವ, ದಾರಿ ತಪ್ಪಿ ಬಂತಾ ಫೋನು?"

"ಅವಳಿಗೆ ಕೊಡು ಅತ್ತಿಗೆ. ಕಂಪ್ಯೂಟರ್ ಕೆಟ್ಟಿದೆ."

"ಕಂಪ್ಯೂಟರ್ ಕೆಟ್ರೆ ಫೋನು. ಅವಳು ಹೊರಟಾಗ ಇಲ್ಲ. ಕೋಪದಲ್ಲಿ ಕೊಯ್ದ ಮೂಗು ಆಮೇಲೆ ಬರುತ್ತಾ ಭಾವ?"

ಅವನು ಬಾಯಿಗೆ ಬಂದದ್ದನ್ನು ಹಲ್ಲು ಕಚ್ಚಿ ತಡೆದ. ಹೊಲಿಗೆ ಯಂತ್ರ ನಿಂತಿತು. ಫೋನು ಕೈ ಬದಲಾಯಿತು.

"ಹೇಳಿ," ಎಂದಳು ಅವಳು.

ಹದಿನೆಂಟು ದಿನ ಕೇಳದ ದನಿ. ಅವನು ಅವಳ ಹೆಸರು ಹಿಡಿದು ಕರೆದ. ಮದುವೆಯಾದಾಗಿನಿಂದ ಬಾಯಿಂದ ಬಂದಿರದ ಹೆಸರು, ನಾಲಿಗೆಗೆ ಒಡ್ಡೊಡ್ಡಾಗಿ ಸಿಕ್ಕಿತು.

"ಪಟ್ಟಿ ಇಳೀತಿಲ್ಲ," ಎಂದ.

"ಏನಾದ್ರೂ ಸೇರಿಸಿದ್ರಾ?"

"ಹೂಂ. ಏನೋ ಒಂದು."

"ಎರಡು ಚುಕ್ಕೆ ಆದ್ಮೇಲೆ ಏನ್ ಬರೆದ್ರಿ?"

"ಏನೂ ಇಲ್ಲ. ಗೊತ್ತಾಗ್ಲಿಲ್ಲ."

"ಖಾಲಿ ಬಿಟ್ರೆ ತೆರೆಯಲ್ಲ ಅದು. ಮೇಲಿನ ಸಾಲಲ್ಲಿ ಎಫ್ ಹನ್ನೆರಡು ಅಂತ ಒಂದು ಕೀ ಇದೆ ನೋಡಿ, ಬಲಗಡೆ. ಒತ್ತಿದ್ರೆ ನಾನು ಬರೆದಿಟ್ಟ ಪಟ್ಟಿ ವಾಪಸ್ ಬರುತ್ತೆ. ನೀವು ಸೇರಿಸಿದ್ದು ಹೋಗುತ್ತೆ."

"ಅದನ್ನ ಯಾವಾಗ ಮಾಡಿಟ್ಟೆ?"

"ಹೊರಡೋ ಮುಂಚೆ. ಸಿಟ್ಟಲ್ಲಿ ಒಂದಿನ ಕೆಡಿಸ್ಕೊತೀರಿ ಅಂತ ಗೊತ್ತಿತ್ತು."

ಸೀಲಣ್ಣ ಗೋಡೆಗೆ ಒರಗಿದ. ಅವನಿಗಿದ್ದ ಒಂದೇ ನೆಪವನ್ನೂ ಅವಳು ಮುಂಚೆಯೇ ರಿಪೇರಿ ಮಾಡಿಟ್ಟು ಹೋಗಿದ್ದಳು. ಒರಗಿದ ಜಾಗದಲ್ಲಿ, ಕಿವಿಯ ಎತ್ತರಕ್ಕೆ, ಸುಣ್ಣ ಕಿತ್ತುಹೋದ ಸಣ್ಣ ಗುಳಿ. ಮೌಸ್ ಬಡಿದದ್ದು ಅಲ್ಲಿ.

"ಅವತ್ತು ಗುಮಾಸ್ತಂದು," ಎಂದ. ಕೆಮ್ಮಿದ. "ನೀನು ಸರಿಯಾಗೇ ಕೊಟ್ಟಿದ್ದೆ. ಫಿಲಂ ಮಗುಚಿ ಇಟ್ಟಿದ್ದು ನಾನು."

"ಗೊತ್ತು."

"ಯಾವಾಗ ಗೊತ್ತಾಯ್ತು?"

"ಮಾರನೇ ದಿನಾನೇ. ಕಸದ ಬುಟ್ಟಿ ಖಾಲಿ ಮಾಡೋದು ಯಾರು, ನಾನೇ ಅಲ್ವಾ? ಮುದುರಿ ಹಾಕಿದ್ರಿ. ನಿಮಗೆ ಗೊತ್ತಾಗಿದೆ ಅಂತ ಅದರಿಂದಲೇ ಗೊತ್ತಾಯ್ತು."

"ಮತ್ತೆ ಬಾಯಿಬಿಟ್ಟು ಕೇಳ್ಬಹುದಿತ್ತಲ್ಲ."

"ನೀವೇ ಹೇಳ್ತೀರಿ ಅನ್ಕೊಂಡೆ. ಮೊದಲನೇ ಸಾಲು ಬರೆಯುವಾಗ ಅನ್ಕೊಂಡೆ. ಹತ್ತನೇದು ಬರೆಯುವಾಗಲೂ ಅನ್ಕೊಂಡೆ. ಅದಕ್ಕೇ ಅಷ್ಟು ನಿಧಾನ ಮಾಡಿದ್ದು. ಅದೆಲ್ಲ ಹದಿನೈದು ದಿನದ ಕೆಲಸ ರೀ."

ಅವಳ ದನಿಯಲ್ಲಿ ಸಿಟ್ಟಿರಲಿಲ್ಲ. ಸಿಟ್ಟಿದ್ದರೆ ಅವನಿಗೆ ಗುರುತು ಸಿಗುತ್ತಿತ್ತು, ಆ ಸರಕು ಅವನು ಬಲ್ಲ. ಇದು ಕೆಲಸ ಮುಗಿಸಿ ಕೈ ತೊಳೆದವರ ದನಿ.

"ಈಗ ಹೇಳಿದೀನಲ್ಲ," ಎಂದ.

"ಹೂಂ. ಈಗ ಹೇಳಿದ್ರಿ."

ಮುಂದೆ ಏನಾದರೂ ಬರುತ್ತದೆಂದು ಅವನು ಫೋನನ್ನು ಕಿವಿಗೆ ಒತ್ತಿ ಹಿಡಿದ. ಬರಲಿಲ್ಲ.

"ಗಿರಾಕಿ ಕಾಯ್ತಿದಾರಾ?" ಎಂದಳು.

"ಡಾಕ್ಟ್ರು. ದನದ ಡಾಕ್ಟ್ರು."

"ಹಾಗಾದ್ರೆ ಒತ್ತಿ. ಬಂತೋ ಇಲ್ವೋ ಹೇಳಿ, ಆಮೇಲೆ ಇಡ್ತೀನಿ."

ಸೀಲಣ್ಣ ಕಂಪ್ಯೂಟರಿನ ಮುಂದೆ ಬಂದು ನಿಂತ. ಬೆರಳನ್ನು ಎಫ್ ಹನ್ನೆರಡರ ಮೇಲೆ ಇಟ್ಟ. ಒತ್ತಲಿಲ್ಲ. ಒತ್ತದೆ ಇರುವಷ್ಟು ಹೊತ್ತು ಅವಳು ಇರುತ್ತಾಳೆ. ಒತ್ತಿದರೆ ಅವನು ಬರೆದ ಸಾಲು ಹೋಗುತ್ತದೆ, ಅವಳೂ ಹೋಗುತ್ತಾಳೆ. ಅತ್ತ ಕಡೆ ಅಕ್ಕ ಏನೋ ಕೇಳಿದಳು, ಇವಳು "ಬಂದೆ" ಎಂದಳು. ಇಪ್ಪತ್ತೆರಡು ವರ್ಷ ಆ "ಬಂದೆ" ಅವನ ಪಾಲಿನದಾಗಿತ್ತು.

"ಒತ್ತಿದ್ರಾ?"

"ಹುಡುಕ್ತಿದೀನಿ."

"ಮೇಲಿನ ಸಾಲು, ಬಲಗಡೆ."

"ಹುಡುಕ್ತಿದೀನಿ ಅಂದ್ನಲ್ಲ," ಎಂದ. ಮೊದಲಿನ ಹಾಗೆ ಗದರಲು ನೋಡಿದ, ದನಿ ನಡುವೆಯೇ ಒಡೆಯಿತು.

ಅವಳಿಗೂ ಕೇಳಿಸಿರಬೇಕು. ಅವಸರ ಮಾಡಲಿಲ್ಲ. ಹೊಲಿಗೆ ಯಂತ್ರ ಒಂದು ಉದ್ದದ ಸಾಲು ಹೊಲಿದು ನಿಂತಿತು. ಬೆಂಚಿನಲ್ಲಿ ಕೂತಿದ್ದ ಪಶುವೈದ್ಯೆ ಗಡಿಯಾರ ನೋಡಿಕೊಂಡು ಮೆಲ್ಲಗೆ ಕೆಮ್ಮಿದಳು.

ಸೀಲಣ್ಣ ಒತ್ತಿದ.

"ಬಂತಾ?"

ಪಟ್ಟಿ ಇಳಿದಿತ್ತು. ದಪ್ಪಕ್ಷರ, ಪರದೆಯ ನಡುವೆ, ಅವನ ಕನ್ನಡಕದ ಮೇಲಂಚಿಗೆ ಸರಿಯಾಗಿ. ಇಪ್ಪತ್ಮೂರು ಸಾಲು.

"ಬಂತು."

"ಸರಿ ಹಾಗಾದ್ರೆ. ಊಟ ಹೊತ್ತಿಗೆ ಮಾಡಿ," ಎಂದಳು. ಫೋನ್ ಇಟ್ಟಳು.

ಪಶುವೈದ್ಯೆ ಎದ್ದು ಕೌಂಟರಿನ ಬಳಿ ಬಂದಳು. "ಆಯ್ತಾ ಅಣ್ಣ, ಸರಿಹೋಯ್ತಾ?"

"ಸರಿಹೋಯ್ತು," ಎಂದ ಸೀಲಣ್ಣ, ಮುಖ ತಿರುಗಿಸಿಕೊಂಡೇ.

ಕೀಲಿಮಣೆಯ ಮೇಲೆ ಬೆರಳಿಟ್ಟು ಲ ಎಂದು ಹೊಡೆದ. ಇಪ್ಪತ್ಮೂರರಲ್ಲಿ ನಾಲ್ಕು ಸಾಲು ಉಳಿದವು. ಅದನ್ನು ಲೇ ಮಾಡಿದ. ಎಲ್ಲ ಸರಿದುಹೋಗಿ ಪಟ್ಟಿ ಬರಿದಾಯಿತು. ಆ ಬರಿಯ ಪಟ್ಟಿಯನ್ನು ಸ್ವಲ್ಪ ಹೊತ್ತು ನೋಡಿದ. ಆಮೇಲೆ ಅಳಿಸಿ, ಗುಂಡು ಎಂದು ಹೊಡೆದು, "ಆಸ್ಪತ್ರೆ ಹೆಸರು ಹೇಳಿ ಡಾಕ್ಟ್ರೇ," ಎಂದ.